ಭದ್ರಪುಟ, ಅಭದ್ರಪುಟ: ನಡುವೆ ಸೆಷನ್ ಕಾಣೆಯಾಗುವುದೇಕೆ?

ಪ್ರವೇಶದ ಅರ್ಜಿ, ಪರೀಕ್ಷೆಯ ಶುಲ್ಕ, ವಿದ್ಯಾರ್ಥಿವೇತನ, ರೈಲಿನ ಟಿಕೆಟ್ಟು, ಪುಸ್ತಕದ ಖರೀದಿ, ಇವೆಲ್ಲವೂ ಇಂದು ಜಾಲತಾಣಗಳ ಮೂಲಕ ನಡೆಯುತ್ತಿರುವುದು ಎಲ್ಲರೂ ಬಲ್ಲ ಸಂಗತಿ. ಇಂಥ ತಾಣದಲ್ಲಿ ನಾಲ್ಕು ಪುಟಗಳನ್ನು ತಾಳ್ಮೆಯಿಂದ ತುಂಬಿ ಐದನೆಯ ಪುಟಕ್ಕೆ ಕಾಲಿಟ್ಟೊಡನೆ ‘ದಯವಿಟ್ಟು ಮತ್ತೆ ಲಾಗಿನ್ ಆಗಿರಿ’ ಎಂಬ ಸೂಚನೆ ಬಂದು, ತುಂಬಿದ್ದೆಲ್ಲ ಮಾಯವಾಗುವ ಅನುಭವವೂ ಹಲವರಿಗೆ ಹೊಸದಲ್ಲ. ಅದನ್ನು ನಾವು ‘ಸರ್ವರ್ ಸರಿಯಿಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಎಲ್ಲ ಕಾಯಿಲೆಗೂ ಗಾಳಿ ಸೋಕಿದೆಯೆಂದು ಹೇಳುವ ಮಾತಿನಂತೆ ಇದರಿಂದ ಹೇಳಿದವರಿಗೆ ಸಮಾಧಾನವುಂಟೇ ಹೊರತು ರೋಗಿಗೆ ಪ್ರಯೋಜನವಿಲ್ಲ.

ಈ ತೊಂದರೆಗೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಬಗೆಯನ್ನು ಮಾತ್ರ ಇಲ್ಲಿ ವಿವೇಚಿಸಲಾಗಿದೆ. ತಾಣದ ಕೆಲವು ಪುಟಗಳು ‘ಎಚ್‌ಟಿಟಿಪಿ’ ಎಂಬ ತೆರೆದ ಮಾರ್ಗದಲ್ಲಿಯೂ ಕೆಲವು ‘ಎಚ್‌ಟಿಟಿಪಿಎಸ್’ ಎಂಬ ಭದ್ರವಾದ ಮಾರ್ಗದಲ್ಲಿಯೂ ಇದ್ದು, ಒಂದರಿಂದ ಇನ್ನೊಂದಕ್ಕೆ ದಾಟುವಾಗ ‘ಸೆಷನ್ ವೇರಿಯಬಲ್ಲು’ಗಳು ಕಾಣೆಯಾಗುವುದೇ ಆ ಬಗೆ. ಕಲಾ ಕಾಲೇಜಿನ ಸಂಚಿಕೆಗೆ ಈ ವಿಷಯ ತಕ್ಕದ್ದೇ ಎಂದು ಕೆಲವರು ಕೇಳಬಹುದು. ಇದರಲ್ಲಿ ಗಣಿತದ ತೊಡಕಿಲ್ಲ. ಕಾರ್ಯದಿಂದ ಕಾರಣಕ್ಕೆ ಹಿಂದೆ ಹಿಂದೆ ನಡೆಯುವ ಬುದ್ಧಿಯೊಂದಿದ್ದರೆ ಸಾಕು, ಅದು ತರ್ಕವನ್ನೂ ಇತಿಹಾಸವನ್ನೂ ಓದುವವರಿಗೆ ಅಭ್ಯಾಸವಾದುದೇ. ಅಲ್ಲದೆ, ಇಂದು ಯಾವ ವಿಷಯದ ವಿದ್ಯಾರ್ಥಿಯೇ ಆಗಲಿ, ತನ್ನ ವಿಭಾಗಕ್ಕೋ ಸಂಘಕ್ಕೋ ಒಂದು ಚಿಕ್ಕ ಜಾಲತಾಣವನ್ನು ಕಟ್ಟುವ ಸಂದರ್ಭ ದೂರವಿಲ್ಲ.

೧. ನೆನಪಿಲ್ಲದ ಗುಮಾಸ್ತ

ಜಾಲಪುಟಗಳನ್ನು ತರಿಸಿಕೊಳ್ಳುವ ಎಚ್‌ಟಿಟಿಪಿ ಎಂಬ ವಿಧಿಯನ್ನು ರೂಪಿಸಿದವರು ಟಿಮ್ ಬರ್ನರ್ಸ್-ಲೀ. ಜಿನೀವಾ ನಗರದ ಬಳಿಯ ‘ಸರ್ನ್’ ಸಂಶೋಧನ ಸಂಸ್ಥೆಯಲ್ಲಿ ಇದ್ದಾಗ ೧೯೯೧ರಲ್ಲಿ ಅವರು ಹೊರತಂದ ಮೊದಲ ರೂಪ ತೀರ ಸರಳವಾದುದು. ಒಂದು ಪುಟ ಬೇಕೆಂದು ಕೇಳುವುದು, ಅದನ್ನು ಪಡೆಯುವುದು, ಅಲ್ಲಿಗೆ ವ್ಯವಹಾರ ಮುಗಿಯಿತು. ಎರಡನೆಯ ಸಲ ಕೇಳಿದಾಗ, ಹಿಂದೆ ಕೇಳಿದವರೇ ಇವರು ಎಂಬ ಅರಿವು ಸರ್ವರಿಗೆ ಇರುವುದಿಲ್ಲ. ಸಂಶೋಧನ ಲೇಖನಗಳನ್ನು ಓದಲು ಇಷ್ಟು ಸಾಕಾಗಿತ್ತು. ಅಂಗಡಿ ವ್ಯಾಪಾರಕ್ಕೂ ಅರ್ಜಿ ತುಂಬುವುದಕ್ಕೂ ಸಾಲದು.

ಇದನ್ನು ಒಂದು ಕಚೇರಿಯ ಹೋಲಿಕೆಯಿಂದ ತಿಳಿಯೋಣ. ಆ ಕಚೇರಿಯಲ್ಲಿ ಒಬ್ಬ ಗುಮಾಸ್ತ. ಕೆಲಸದಲ್ಲಿ ಬಲು ಚುರುಕು, ಆದರೆ ನೆನಪಿನ ಶಕ್ತಿ ಇಲ್ಲವೇ ಇಲ್ಲ. ಅವನೊಡನೆ ವ್ಯವಹಾರವೆಲ್ಲ ಅಂಚೆಯ ಮೂಲಕವೇ. ನಮ್ಮ ಪರವಾಗಿ ಕಾಗದ ಬರೆದು ಹಾಕುವ ಬರಹಗಾರನೇ ಬ್ರೌಸರ್. ಬಂದ ಕಾಗದಕ್ಕೆ ಗುಮಾಸ್ತನು ಉತ್ತರ ಬರೆಯುತ್ತಾನೆ, ಬರೆದು ಮುಗಿದೊಡನೆ ಮರೆಯುತ್ತಾನೆ. ಇಂಥವನಿಂದ ಹತ್ತು ಪತ್ರಗಳುದ್ದಕ್ಕೂ ನಡೆಯಬೇಕಾದ ಒಂದು ಕೆಲಸವನ್ನು ಮಾಡಿಸುವುದು ಹೇಗೆ?

ಸರಕಾರಿ ಪತ್ರಗಳನ್ನು ನೋಡಿದವರಿಗೆ ಉತ್ತರ ಸುಲಭ. ಅವುಗಳ ನೆತ್ತಿಯ ಮೇಲೆ ಕಡತದ ಸಂಖ್ಯೆಯಿರುತ್ತದೆ; ಉತ್ತರಿಸುವವರು ‘ಉಲ್ಲೇಖ’ ಎಂದು ಬರೆದು ಅದೇ ಸಂಖ್ಯೆಯನ್ನು ಕಾಣಿಸುತ್ತಾರೆ. ನಮ್ಮ ಗುಮಾಸ್ತನೂ ಹಾಗೆಯೇ ಮೊದಲ ಪತ್ರ ಬಂದಾಗ ಒಂದು ಕಡತ ತೆರೆದು, ವಿವರಗಳನ್ನು ಅದರಲ್ಲಿರಿಸಿ, ಕಡತವನ್ನು ಬೀರುವಿನಲ್ಲಿಟ್ಟು, ಅದರ ಸಂಖ್ಯೆಯನ್ನು ಮಾತ್ರ ಉತ್ತರದಲ್ಲಿ ತಿಳಿಸುತ್ತಾನೆ. ಮುಂದಿನ ಪ್ರತಿ ಕಾಗದದಲ್ಲಿಯೂ ನಮ್ಮ ಬರಹಗಾರ ಆ ಸಂಖ್ಯೆಯನ್ನು ಬರೆದರಾಯಿತು. ಗುಮಾಸ್ತನಿಗೆ ನೆನಪು ಬೇಕಿಲ್ಲ, ಬೀರು ಇದ್ದರೆ ಸಾಕು.

ಈಗ ಪಾರಿಭಾಷಿಕ ಶಬ್ದಗಳನ್ನು ಹೊಂದಿಸಿಕೊಳ್ಳಬಹುದು. ಕಡತವೇ ಸೆಷನ್. ಅದರೊಳಗಿನ ಕಾಗದಗಳು, ಎಂದರೆ ಬಳಕೆದಾರನ ಹೆಸರು, ಆರಿಸಿದ ಪುಸ್ತಕ, ತುಂಬಿದ ಅಂಕಣ ಮುಂತಾದುವು ಸೆಷನ್ ವೇರಿಯಬಲ್ಲುಗಳು. ಸಂಖ್ಯೆಯನ್ನು ಹೊತ್ತು ಓಡಾಡುವ ಚೀಟಿಯೇ ‘ಕುಕಿ’. ಇದನ್ನು ೧೯೯೪ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಎಂಬ ತಂತ್ರಜ್ಞರು ಜಾಲಕ್ಕೆ ತಂದರು. ನಿಜವಾದ ಸೆಷನ್ ಸಂಖ್ಯೆ ಯಾರೂ ಊಹಿಸಲಾರದಷ್ಟು ಉದ್ದವಾದ ಅಕ್ಷರಮಾಲೆಯಾಗಿರುತ್ತದೆ. ವಿವರಣೆಯ ಅನುಕೂಲಕ್ಕಾಗಿ ನಾವು ಚಿಕ್ಕ ಅಂಕಿಗಳನ್ನೇ ಬಳಸೋಣ.

ಇಲ್ಲಿ ಒಂದು ಅಂಶವನ್ನು ದೃಢಪಡಿಸಿಕೊಳ್ಳಬೇಕು. ಕಡತವು ಕಚೇರಿಯನ್ನು ಬಿಟ್ಟು ಕದಲುವುದಿಲ್ಲ, ಸಂಚರಿಸುವುದು ಸಂಖ್ಯೆ ಮಾತ್ರ. ಆದ್ದರಿಂದ ‘ಸೆಷನ್ ಕಳೆದುಹೋಯಿತು’ ಎಂದಾಗ ಹೆಚ್ಚಿನ ಸಂದರ್ಭಗಳಲ್ಲಿ ಕಡತ ಬೀರುವಿನಲ್ಲಿ ಭದ್ರವಾಗಿಯೇ ಇರುತ್ತದೆ. ತಪ್ಪಿಹೋದದ್ದು ಅದನ್ನು ತೆಗೆಸುವ ಸಂಖ್ಯೆ. ಈ ಲೇಖನದ ಉಳಿದ ಭಾಗವೆಲ್ಲ ಇದೊಂದೇ ಸೂತ್ರದ ವಿಸ್ತಾರ.

೨. ಕಾರ್ಡು ಮತ್ತು ಲಕೋಟೆ

ಅಂಚೆಯಲ್ಲಿ ಎರಡು ಬಗೆಯುಂಟು. ಕಾರ್ಡಿನಲ್ಲಿ ಬರೆದುದನ್ನು ದಾರಿಯುದ್ದಕ್ಕೂ ಯಾರು ಬೇಕಾದರೂ ಓದಬಹುದು. ಅಂಟಿಸಿದ ಲಕೋಟೆಯೊಳಗಿನದು ಹಾಗಲ್ಲ. ಎಚ್‌ಟಿಟಿಪಿ ಎಂಬುದು ಕಾರ್ಡು, ಎಚ್‌ಟಿಟಿಪಿಎಸ್ ಎಂಬುದು ಲಕೋಟೆ. ಈ ಲಕೋಟೆಯ ಅಂಟನ್ನು ಗೂಢಲೇಖನ ಶಾಸ್ತ್ರ ಒದಗಿಸುತ್ತದೆ. ಬಳಕೆಗೆ ಬಂದ ಮೊದಲ ರೂಪವನ್ನು ನೆಟ್‌ಸ್ಕೇಪ್ ಕಂಪನಿಯೇ ೧೯೯೫ರಲ್ಲಿ ‘ಎಸ್‌ಎಸ್‌ಎಲ್’ ಎಂಬ ಹೆಸರಿನಿಂದ ಹೊರತಂದಿತು. ೧೯೯೯ರಲ್ಲಿ ಅದು ‘ಟಿಎಲ್‌ಎಸ್’ ಎಂಬ ಹೆಸರಿನ ಮಾನಕವಾಗಿ, ೨೦೧೮ರಲ್ಲಿ ೧.೩ನೆಯ ಆವೃತ್ತಿಯನ್ನು ಪಡೆಯಿತು. ಕಚೇರಿಯ ಮುಂದೆ ಎರಡು ಟಪಾಲು ಪೆಟ್ಟಿಗೆಗಳಿವೆಯೆಂದು ಭಾವಿಸಿರಿ: ಕಾರ್ಡುಗಳು ೮೦ನೆಯ ಸಂಖ್ಯೆಯ ಪೆಟ್ಟಿಗೆಗೆ, ಲಕೋಟೆಗಳು ೪೪೩ನೆಯ ಸಂಖ್ಯೆಯ ಪೆಟ್ಟಿಗೆಗೆ ಬೀಳುತ್ತವೆ. ಸರ್ವರಿನ ಭಾಷೆಯಲ್ಲಿ ಇವಕ್ಕೆ ಪೋರ್ಟುಗಳೆಂದು ಹೆಸರು.

ಒಂದೇ ತಾಣ ಎರಡನ್ನೂ ಬಳಸಿದ್ದೇಕೆ? ೧೯೯೦ರ ದಶಕದಲ್ಲಿ ಗೂಢಲಿಪಿಗೆ ಪರಿವರ್ತಿಸುವ ಕೆಲಸ ಅಂದಿನ ಯಂತ್ರಗಳಿಗೆ ಹೊರೆಯಾಗಿತ್ತು. ತಾಣದ ಗುರುತನ್ನು ಸಾರುವ ಪ್ರಮಾಣಪತ್ರಕ್ಕೂ ಹಣ ತೆರಬೇಕಾಗಿತ್ತು. ಆದಕಾರಣ ಅಂಗಡಿಯ ಕಪಾಟು ನೋಡುವುದಕ್ಕೆ ಕಾರ್ಡು, ಹಣ ಕೊಡುವುದಕ್ಕೆ ಲಕೋಟೆ ಎಂಬ ಮಿತವ್ಯಯದ ಪದ್ಧತಿ ಬೆಳೆಯಿತು. ಕಾಲ ಬದಲಾದರೂ ಹಳೆಯ ತಾಣಗಳಲ್ಲಿಯೂ ಹಳೆಯ ಪಾಠಗಳನ್ನು ನೋಡಿ ಕಟ್ಟಿದ ಹೊಸ ತಾಣಗಳಲ್ಲಿಯೂ ಇದರ ಶೇಷ ಉಳಿದಿದೆ.

ಎರಡು ಮಾರ್ಗಗಳ ನಡುವೆ ಕುಕಿಯ ನಡವಳಿಕೆಯನ್ನು ನಾಲ್ಕು ನಿಯಮಗಳಲ್ಲಿ ಸಂಗ್ರಹಿಸಬಹುದು.

ಒಂದನೆಯದಾಗಿ, ಕಾರ್ಡಿಗೊಂದು ಲಕೋಟೆಗೊಂದು ಎಂದು ಬರಹಗಾರನ ಬಳಿ ಎರಡು ಚೀಟಿಪೆಟ್ಟಿಗೆಗಳಿಲ್ಲ. ಒಂದು ತಾಣದ ಹೆಸರಿಗೆ ಸೇರಿದ ಕುಕಿಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿರುತ್ತವೆ.

ಎರಡನೆಯದಾಗಿ, ವಿಶೇಷ ಅಣತಿಯಿಲ್ಲದ ಸಾಮಾನ್ಯ ಕುಕಿಯನ್ನು ಬರಹಗಾರ ಕಾರ್ಡಿನಲ್ಲಿಯೂ ಬರೆಯುತ್ತಾನೆ, ಲಕೋಟೆಯಲ್ಲಿಯೂ ಬರೆಯುತ್ತಾನೆ.

ಮೂರನೆಯದಾಗಿ, ಕುಕಿಯ ಜೊತೆಗೆ ‘ಸೆಕ್ಯೂರ್’ ಎಂಬ ಅಣತಿಯಿದ್ದರೆ ಅದನ್ನು ಲಕೋಟೆಯಲ್ಲಿ ಮಾತ್ರ ಬರೆಯುತ್ತಾನೆ. ಕಾರ್ಡು ಬರೆಯುವಾಗ ಆ ಸಂಖ್ಯೆ ತನ್ನ ಬಳಿ ಇದೆಯೆಂಬ ಸುಳಿವನ್ನೂ ಕೊಡುವುದಿಲ್ಲ.

ನಾಲ್ಕನೆಯದಾಗಿ, ಈಚಿನ ಬ್ರೌಸರುಗಳು ಇನ್ನೊಂದು ಕಟ್ಟುಪಾಡನ್ನು ಸೇರಿಸಿವೆ. ಕಾರ್ಡಿನ ಮೂಲಕ ಬಂದ ಉತ್ತರವು ಸೆಕ್ಯೂರ್ ಅಣತಿಯುಳ್ಳ ಕುಕಿಯನ್ನು ಕೊಡಲೂ ಆಗದು, ಈಗಾಗಲೇ ಇರುವ ಅಂಥ ಕುಕಿಯನ್ನು ಅದೇ ಹೆಸರಿನ ಬೇರೊಂದರಿಂದ ಅಳಿಸಲೂ ಆಗದು.

ಕೆಲವರು ವಿವರಗಳನ್ನು ಸರ್ವರಿನಲ್ಲಿಡದೆ ಬ್ರೌಸರಿನೊಳಗಿನ ‘ಸೆಷನ್ ಸ್ಟೋರೇಜ್’ ಎಂಬ ಉಗ್ರಾಣದಲ್ಲಿಡುವುದುಂಟು. ಹೆಸರು ಒಂದೇ ರೀತಿ ಇದ್ದರೂ ಅದರ ಧರ್ಮವೇ ಬೇರೆ. ಅಲ್ಲಿ ಕಾರ್ಡಿನ ಮಾರ್ಗಕ್ಕೂ ಲಕೋಟೆಯ ಮಾರ್ಗಕ್ಕೂ ಪ್ರತ್ಯೇಕ ಕೋಣೆಗಳು, ಒಂದರಲ್ಲಿಟ್ಟದ್ದು ಇನ್ನೊಂದಕ್ಕೆ ಎಂದಿಗೂ ಕಾಣದು. ಎರಡನ್ನೂ ಒಂದೆಂದು ಭಾವಿಸಿ ದಿನಗಟ್ಟಲೆ ತಡಕಾಡುವವರು ಇರುವುದರಿಂದ ಈ ಭೇದವನ್ನು ಇಲ್ಲಿಯೇ ಹೇಳಬೇಕಾಯಿತು.

೩. ಒಂದು ಪುಸ್ತಕದಂಗಡಿಯ ದೃಷ್ಟಾಂತ

ನಿಯಮಗಳನ್ನು ಓದಿದರೆ ಸಾಲದು, ಒಂದು ದೃಷ್ಟಾಂತದಲ್ಲಿ ಅವು ಕೆಲಸ ಮಾಡುವುದನ್ನು ನೋಡಬೇಕು. ಪುಸ್ತಕ ಮಾರುವ ಒಂದು ತಾಣವನ್ನು ಕಲ್ಪಿಸಿಕೊಳ್ಳೋಣ. ಪುಸ್ತಕಗಳ ಪಟ್ಟಿ ತೆರೆದ ಪುಟಗಳಲ್ಲಿಯೂ ಲಾಗಿನ್ ಮತ್ತು ಹಣಪಾವತಿ ಭದ್ರ ಪುಟಗಳಲ್ಲಿಯೂ ಇವೆ.

ಗ್ರಾಹಕನು ಪಟ್ಟಿ ನೋಡಿ ಎರಡು ಪುಸ್ತಕಗಳನ್ನು ಆರಿಸುತ್ತಾನೆ. ಗುಮಾಸ್ತನು ೧೭ನೆಯ ಕಡತ ತೆರೆದು, ಎರಡು ಪುಸ್ತಕಗಳ ಹೆಸರನ್ನು ಬರೆದಿಟ್ಟು, ‘ಸಂಖ್ಯೆ ೧೭’ ಎಂಬ ಸಾಮಾನ್ಯ ಕುಕಿಯನ್ನು ಕಳುಹಿಸುತ್ತಾನೆ. ಗ್ರಾಹಕನು ಲಾಗಿನ್ ಪುಟಕ್ಕೆ ಹೋದಾಗ, ಎರಡನೆಯ ನಿಯಮದಂತೆ, ೧೭ ಎಂಬುದು ಲಕೋಟೆಯಲ್ಲಿಯೂ ಹೋಗುತ್ತದೆ. ಪುಸ್ತಕಗಳೆರಡೂ ಕಾಣಿಸುತ್ತವೆ. ಇದುವರೆಗೆ ಎಲ್ಲವೂ ಸರಿ.

ಗುಪ್ತಪದ ಸರಿಹೊಂದಿದೊಡನೆ ಗುಮಾಸ್ತನು ಒಂದು ಎಚ್ಚರಿಕೆಯ ಕೆಲಸ ಮಾಡುತ್ತಾನೆ. ೧೭ ಎಂಬ ಸಂಖ್ಯೆ ಕಾರ್ಡುಗಳ ಮೇಲೆ ಓಡಾಡಿದೆ, ಯಾರ ಕಣ್ಣಿಗೆ ಬಿದ್ದಿದೆಯೋ ತಿಳಿಯದು. ಆದ್ದರಿಂದ ಅದನ್ನು ರದ್ದುಮಾಡಿ, ಅದೇ ಕಾಗದಗಳನ್ನು ೪೨ ಎಂಬ ಹೊಸ ಸಂಖ್ಯೆಗೆ ವರ್ಗಾಯಿಸಿ, ಸೆಕ್ಯೂರ್ ಅಣತಿಯೊಡನೆ ಕಳುಹಿಸುತ್ತಾನೆ. ಲಾಗಿನ್ ಆದಾಗ ಸಂಖ್ಯೆ ಬದಲಿಸುವುದು ಎಲ್ಲ ಒಳ್ಳೆಯ ತಾಣಗಳೂ ಪಾಲಿಸತಕ್ಕ ವಿಧಿ. ಇಲ್ಲವಾದರೆ, ತನಗೆ ತಿಳಿದ ಸಂಖ್ಯೆಯೊಂದನ್ನು ಇನ್ನೊಬ್ಬನ ಕೈಗೆ ಮೊದಲೇ ಅಂಟಿಸಿ, ಅವನು ಲಾಗಿನ್ ಆದ ಮೇಲೆ ಅದೇ ಸಂಖ್ಯೆಯಿಂದ ಒಳನುಗ್ಗುವ ಮೋಸಕ್ಕೆ ಎಡೆಯಾಗುತ್ತದೆ.

ಹಣ ಕೊಡುವ ಮೊದಲು ಗ್ರಾಹಕನಿಗೆ ಮತ್ತೊಂದು ಪುಸ್ತಕ ನೆನಪಾಗಿ ಪಟ್ಟಿಯ ಪುಟಕ್ಕೆ ಮರಳುತ್ತಾನೆ. ಅದು ತೆರೆದ ಪುಟ. ಬರಹಗಾರನ ಬಳಿ ಇರುವುದು ೪೨ ಒಂದೇ, ಅದನ್ನು ಕಾರ್ಡಿನಲ್ಲಿ ಬರೆಯುವಂತಿಲ್ಲ. ಸಂಖ್ಯೆಯಿಲ್ಲದ ಕಾರ್ಡು ಕಂಡ ಗುಮಾಸ್ತನು ಹೊಸಬನೆಂದೇ ತಿಳಿದು, ೫೩ನೆಯ ಬರಿಯ ಕಡತ ತೆರೆಯುತ್ತಾನೆ. ಪುಟದ ಮೇಲೆ ಗ್ರಾಹಕನ ಹೆಸರಿಲ್ಲ, ಬುಟ್ಟಿ ಬರಿದು! ೫೩ ಎಂಬ ಕುಕಿ ಉತ್ತರದಲ್ಲಿ ಬಂದರೂ ನಾಲ್ಕನೆಯ ನಿಯಮದಂತೆ ಬ್ರೌಸರ್ ಅದನ್ನು ಸ್ವೀಕರಿಸುವುದಿಲ್ಲ. ಮುಂದಿನ ಕಾರ್ಡಿಗೆ ೫೪, ಅದರ ಮುಂದಿನದಕ್ಕೆ ೫೫, ಹೀಗೆ ಬೀರುವಿನ ತುಂಬ ಅನಾಥ ಕಡತಗಳು. ಗಾಬರಿಯಾದ ಗ್ರಾಹಕನು ಹಣಪಾವತಿಯ ಪುಟಕ್ಕೆ ಓಡಿದರೆ ೪೨ ಲಕೋಟೆಯಲ್ಲಿ ಹೋಗಿ ಮೊದಲಿನ ಎರಡು ಪುಸ್ತಕಗಳು ಮತ್ತೆ ಪ್ರತ್ಯಕ್ಷ. ಆಗತಾನೆ ಸೇರಿಸಿದ ಮೂರನೆಯದು ಮಾತ್ರ ಇಲ್ಲ.

‘ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ’ ಎಂಬ ದೂರು ಹುಟ್ಟುವುದು ಹೀಗೆ. ನೋಡುವವರಿಗೆ ಚಂಚಲವಾಗಿ ಕಾಣುವ ಈ ದೋಷ ಒಳಗೆ ಗಡಿಯಾರದಷ್ಟು ನಿಯತವಾದುದು. ಪುಟ ಭದ್ರವಾದರೆ ಉಂಟು, ತೆರೆದುದಾದರೆ ಇಲ್ಲ. ತೆರೆದುದರಿಂದ ಭದ್ರಕ್ಕೆ ಹೋಗುವಾಗ ನೆಟ್ಟಗಿದ್ದು, ಭದ್ರದಿಂದ ತೆರೆದುದಕ್ಕೆ ಬರುವಾಗ ಕೆಡುವುದೇ ಇದರ ಮುಖ್ಯ ಲಕ್ಷಣ.

೪. ಶೋಧನೆಯ ಕ್ರಮ

ಇಂಥ ದೋಷ ಕಂಡಾಗ ಅನೇಕರು ಪ್ರೋಗ್ರಾಮಿನ ಸಾಲುಗಳನ್ನು ಮನಬಂದಂತೆ ತಿದ್ದಲು ತೊಡಗುತ್ತಾರೆ. ಅದಕ್ಕೆ ಮೊದಲು ಸಾಕ್ಷ್ಯ ಸಂಗ್ರಹಿಸಬೇಕು. ಕಂಪ್ಯೂಟರಿನ ಬ್ರೌಸರಿನಲ್ಲಿ ಎಫ್ ೧೨ ಎಂಬ ಕೀಲಿಯನ್ನು ಒತ್ತಿದರೆ ತಂತ್ರಜ್ಞರ ಫಲಕ ತೆರೆಯುತ್ತದೆ. ಅದರಲ್ಲಿ ‘ನೆಟ್‌ವರ್ಕ್’ ಎಂಬ ಭಾಗದಲ್ಲಿ ಹೋದ ಪ್ರತಿಯೊಂದು ಕಾಗದವನ್ನೂ ಬಂದ ಪ್ರತಿಯೊಂದು ಉತ್ತರವನ್ನೂ ಓದಬಹುದು. ಹೋದ ಕಾಗದದಲ್ಲಿ ‘ಕುಕಿ’ ಎಂಬ ಸಾಲನ್ನೂ ಬಂದ ಉತ್ತರದಲ್ಲಿ ‘ಸೆಟ್-ಕುಕಿ’ ಎಂಬ ಸಾಲನ್ನೂ ನೋಡತಕ್ಕದ್ದು. ಎರಡು ಪುಟಗಳನ್ನು ಆರಿಸಿಕೊಳ್ಳಿರಿ: ವಿವರಗಳು ಕೊನೆಯ ಬಾರಿ ಸರಿಯಾಗಿ ಕಂಡ ಪುಟ ಒಂದು, ಮೊದಲ ಬಾರಿ ಕಾಣೆಯಾದ ಪುಟ ಇನ್ನೊಂದು. ಎರಡರಲ್ಲಿಯೂ ಹೋದ ಸೆಷನ್ ಸಂಖ್ಯೆಯನ್ನು ಹೋಲಿಸಿರಿ. ಆ ಸಂಖ್ಯೆಯೇ ಬೀಗದ ಕೈಯಾದ್ದರಿಂದ ಫಲಕದ ಚಿತ್ರ ತೆಗೆದು ಯಾರಿಗೂ ಕಳುಹಿಸಬಾರದು.

ಹೋಲಿಕೆಗೆ ಮೂರೇ ಉತ್ತರಗಳು ಸಾಧ್ಯ.

ಮೊದಲನೆಯ ಉತ್ತರ: ಎರಡನೆಯ ಕಾಗದದಲ್ಲಿ ಸಂಖ್ಯೆಯೇ ಇಲ್ಲ. ಎಂದರೆ ಬ್ರೌಸರ್ ಅದನ್ನು ತಡೆಹಿಡಿದಿದೆ. ಹಾಗಾದರೆ ಕುಕಿಯ ಜೊತೆಗಿರುವ ಅಣತಿಗಳನ್ನು ಓದಬೇಕು. ಸೆಕ್ಯೂರ್ ಎಂದಿದ್ದು ಪುಟ ತೆರೆದುದಾಗಿದ್ದರೆ ಕಾರಣ ಸಿಕ್ಕಿತು. ಇಲ್ಲವಾದರೆ ತಾಣದ ಹೆಸರನ್ನು ಅಕ್ಷರಶಃ ಹೋಲಿಸಿರಿ. ಮುಂದೆ ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇರುವ ಹೆಸರು, ಇಲ್ಲದ ಹೆಸರು ಇವೆರಡು ಬ್ರೌಸರಿಗೆ ಬೇರೆ ಬೇರೆ. ಒಂದರ ಕುಕಿ, ಡೊಮೈನ್ ಎಂಬ ಅಣತಿಯಿಂದ ವಿಸ್ತರಿಸಿದ ಹೊರತು, ಇನ್ನೊಂದಕ್ಕೆ ಹೋಗದು. ಭದ್ರ ಪುಟಗಳಿಗೆ ಮಾತ್ರ ಹೆಸರು ಬದಲಾಗುವ ತಾಣಗಳಲ್ಲಿ ಈ ದೋಷ ಮಾರ್ಗಭೇದದ ವೇಷ ತೊಟ್ಟು ಬರುತ್ತದೆ. ಮೂರನೆಯದು ‘ಸೇಮ್‌ಸೈಟ್’ ಎಂಬ ಅಣತಿ. ಕ್ರೋಮ್ ಬ್ರೌಸರ್ ೨೦೨೧ರಿಂದ ಒಂದೇ ಹೆಸರಿನ ತೆರೆದ ತಾಣವನ್ನೂ ಭದ್ರ ತಾಣವನ್ನೂ ಪರಸ್ಪರ ಪರಕೀಯವೆಂದೇ ಎಣಿಸುತ್ತದೆ. ಆದ್ದರಿಂದ ‘ಲ್ಯಾಕ್ಸ್’ ಎಂದು ಗುರುತು ಮಾಡಿದ ಕುಕಿ, ತೆರೆದ ಪುಟದ ಅರ್ಜಿಯನ್ನು ‘ಪೋಸ್ಟ್’ ವಿಧಾನದಿಂದ ಭದ್ರ ಪುಟಕ್ಕೆ ಸಲ್ಲಿಸುವಾಗ ಜೊತೆಗೆ ಹೋಗುವುದಿಲ್ಲ.

ಎರಡನೆಯ ಉತ್ತರ: ಸಂಖ್ಯೆ ಇದೆ, ಆದರೆ ಬೇರೆಯದು. ಎಂದರೆ ನಡುವೆ ಯಾರೋ ಹೊಸ ಕಡತ ತೆರೆದಿದ್ದಾರೆ. ಉತ್ತರಗಳನ್ನು ಹಿಂದುಹಿಂದಕ್ಕೆ ಓದುತ್ತ, ಸೆಟ್-ಕುಕಿ ಎಂಬ ಸಾಲು ಮೊದಲು ಕಂಡ ಸ್ಥಳವನ್ನು ಹಿಡಿಯಬೇಕು. ಲಾಗಿನ್ ಆದಾಗ ಸಂಖ್ಯೆ ಬದಲಿಸಿ, ಹಳೆಯ ಕಾಗದಗಳನ್ನು ವರ್ಗಾಯಿಸಲು ಪ್ರೋಗ್ರಾಮು ಮರೆತಿರಬಹುದು. ಒಂದೇ ಹೆಸರಿನ ತಾಣದಲ್ಲಿ ಎರಡು ಪ್ರೋಗ್ರಾಮುಗಳು ಕುಕಿಗೆ ಒಂದೇ ಹೆಸರಿಟ್ಟು ಒಂದರ ಸಂಖ್ಯೆಯನ್ನು ಇನ್ನೊಂದು ಅಳಿಸುತ್ತಿರಬಹುದು.

ಮೂರನೆಯ ಉತ್ತರ: ಸಂಖ್ಯೆ ಅದೇ, ಆದರೂ ಕಡತ ಬರಿದು. ಇಲ್ಲಿ ಬ್ರೌಸರ್ ನಿರ್ದೋಷಿ. ಬೀರುವನ್ನೇ ಪರೀಕ್ಷಿಸಬೇಕು. ೮೦ನೆಯ ಪೆಟ್ಟಿಗೆಯನ್ನು ಒಂದು ಯಂತ್ರವೂ ೪೪೩ನೆಯದನ್ನು ಇನ್ನೊಂದು ಯಂತ್ರವೂ ನೋಡಿಕೊಳ್ಳುತ್ತಿದ್ದರೆ, ಅಥವಾ ಒಂದೇ ಯಂತ್ರದಲ್ಲಿ ಎರಡಕ್ಕೂ ಕಡತವಿಡುವ ಫೋಲ್ಡರು ಬೇರೆಯಾಗಿದ್ದರೆ, ಒಂದರ ಬೀರುವಿನ ಕಡತ ಇನ್ನೊಂದರಲ್ಲಿ ಸಿಕ್ಕುವುದೆಂತು? ಕಾಲಾವಧಿಯೂ ಕಾರಣವಾಗಬಹುದು. ಪಿಎಚ್‌ಪಿ ಭಾಷೆಯಲ್ಲಿ ಬೇರೆ ಅಣತಿಯಿಲ್ಲದಿದ್ದರೆ, ೧೪೪೦ ಸೆಕೆಂಡು, ಎಂದರೆ ೨೪ ನಿಮಿಷ ಬಳಕೆಯಾಗದ ಕಡತವನ್ನು ಕಸವೆಂದು ಗುಡಿಸಿಹಾಕಲು ಅವಕಾಶವಿದೆ. ದಾಖಲೆ ಹುಡುಕಲು ಎದ್ದುಹೋದ ಅಭ್ಯರ್ಥಿಗೆ ಇದು ಸಾಕು.

ಈ ಮೂರಕ್ಕೂ ಸೇರದೆ ಇವುಗಳಂತೆಯೇ ತೋರುವ ಎರಡು ಸಂದರ್ಭಗಳಿವೆ. ಮೊದಲನೆಯದರಲ್ಲಿ, ಅರ್ಜಿಯ ನಮೂನೆ ತೆರೆದ ವಿಳಾಸಕ್ಕೆ ಸಲ್ಲಿಕೆಯಾಗಿ, ಸರ್ವರ್ ಅದನ್ನು ಭದ್ರ ವಿಳಾಸಕ್ಕೆ ೩೦೧ ಅಥವಾ ೩೦೨ ಎಂಬ ಸಂಕೇತದಿಂದ ತಿರುಗಿಸುತ್ತದೆ. ಆಗ ಬ್ರೌಸರ್ ಸಾಮಾನ್ಯವಾಗಿ ತುಂಬಿದ ವಿವರಗಳನ್ನು ಕೈಬಿಟ್ಟು ವಿಳಾಸವನ್ನು ಮಾತ್ರ ಹೊಸದಾಗಿ ಕೇಳುತ್ತದೆ. ಕಳೆದದ್ದು ಸೆಷನ್ ಅಲ್ಲ, ಅರ್ಜಿಯೇ. ನಮೂನೆಯನ್ನು ನೇರವಾಗಿ ಭದ್ರ ವಿಳಾಸಕ್ಕೆ ಸಲ್ಲಿಸುವುದೇ ಇದಕ್ಕೆ ಮದ್ದು.

ಎರಡನೆಯದರಲ್ಲಿ, ಸರ್ವರಿನ ಮುಂದೆ ಇನ್ನೊಂದು ಯಂತ್ರ ನಿಂತು ಲಕೋಟೆ ಬಿಡಿಸಿ, ಒಳಗಿನ ಕಾಗದವನ್ನಷ್ಟೇ ಹಿಂದಕ್ಕೆ ದಾಟಿಸುತ್ತಿರುತ್ತದೆ. ಇದಕ್ಕೆ ‘ಪ್ರಾಕ್ಸಿ’ ಎನ್ನುವರು. ಹಿಂದಿನ ಗುಮಾಸ್ತನಿಗೆ ಎಲ್ಲವೂ ಬಿಡಿ ಕಾಗದಗಳಾಗಿಯೇ ಕಾಣುವುದರಿಂದ, ಕೆಲವು ವ್ಯವಸ್ಥೆಗಳಲ್ಲಿ ಅವನು ಸೆಕ್ಯೂರ್ ಕುಕಿಯನ್ನು ಕೊಡಲು ನಿರಾಕರಿಸುತ್ತಾನೆ, ಇಲ್ಲವೇ ‘ಭದ್ರ ಮಾರ್ಗದಲ್ಲಿ ಬಾ’ ಎಂದು ಮತ್ತೆ ಮತ್ತೆ ತಿರುಗಿಸಿ ಕೊನೆಯಿಲ್ಲದ ಸುತ್ತು ಹಾಕಿಸುತ್ತಾನೆ. ಬಂದದ್ದು ಲಕೋಟೆಯಲ್ಲಿ ಎಂದು ಪ್ರಾಕ್ಸಿಯು ಕಾಗದದ ಮೇಲೆ ಷರಾ ಬರೆಯುವಂತೆಯೂ, ಆ ಪ್ರಾಕ್ಸಿಯ ಷರಾವನ್ನು ಮಾತ್ರ ಗುಮಾಸ್ತನು ನಂಬುವಂತೆಯೂ ಏರ್ಪಡಿಸಬೇಕು.

ಪ್ರಾಜೆಕ್ಟು ಮಾಡುವ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಸ್ವಂತ ಯಂತ್ರದಲ್ಲಿ ‘ಲೋಕಲ್‌ಹೋಸ್ಟ್’ ಎಂಬ ಹೆಸರಿನಿಂದ ತೆರೆದರೆ ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರುಗಳು ರಿಯಾಯಿತಿ ತೋರಿ, ಭದ್ರ ಮಾರ್ಗವಿಲ್ಲದಿದ್ದರೂ ಸೆಕ್ಯೂರ್ ಕುಕಿಯನ್ನು ಒಪ್ಪುತ್ತವೆ. ಅದೇ ಯಂತ್ರವನ್ನು ಪ್ರಯೋಗಶಾಲೆಯ ಇನ್ನೊಂದು ಮೇಜಿನಿಂದ ಅಂಕಿಗಳ ವಿಳಾಸದಲ್ಲಿ ತೆರೆದರೆ ಈ ರಿಯಾಯಿತಿ ಇಲ್ಲ. ‘ನನ್ನ ಮೇಜಿನಲ್ಲಿ ನಡೆಯುತ್ತದೆ, ಪರೀಕ್ಷಕರ ಮೇಜಿನಲ್ಲಿ ನಡೆಯದು’ ಎಂಬ ಸಂಕಟಕ್ಕೆ ಹಲವು ವೇಳೆ ಕಾರಣ ಇದೇ.

೫. ಸುಲಭೋಪಾಯದ ಬೆಲೆ

ಕಾರಣ ತಿಳಿದೊಡನೆ ಒಂದು ಸುಲಭೋಪಾಯ ಎಲ್ಲರಿಗೂ ಹೊಳೆಯುತ್ತದೆ. ಸೆಕ್ಯೂರ್ ಎಂಬ ಅಣತಿಯನ್ನು ತೆಗೆದುಬಿಟ್ಟರೆ ಸಂಖ್ಯೆ ಎರಡೂ ಮಾರ್ಗಗಳಲ್ಲಿ ಹೋಗುತ್ತದಲ್ಲವೇ? ಹೋಗುತ್ತದೆ. ದೋಷವೂ ಮಾಯವಾಗುತ್ತದೆ. ಆದರೆ ಅಲ್ಲಿಯವರೆಗೆ ನಾವು ದೋಷವೆಂದು ಕರೆದದ್ದು ಕಾವಲುಗಾರನ ಕರ್ತವ್ಯಪಾಲನೆಯಾಗಿತ್ತು. ಕಾವಲುಗಾರನನ್ನು ಮನೆಗೆ ಕಳುಹಿಸಿದರೆ ಅಡ್ಡಿಯೇನೋ ತಪ್ಪುತ್ತದೆ, ಕಳ್ಳನಿಗೂ ತಪ್ಪುತ್ತದೆ.

ಇದು ಬರಿಯ ಊಹೆಯಲ್ಲ. ೨೦೧೦ರ ಸುಮಾರಿಗೆ ಜಗತ್ತಿನ ಹೆಸರಾಂತ ತಾಣಗಳಲ್ಲಿ ಅನೇಕವು ಗುಪ್ತಪದವನ್ನು ಮಾತ್ರ ಲಕೋಟೆಯಲ್ಲಿ ಪಡೆದು, ಆಮೇಲಿನ ವ್ಯವಹಾರವನ್ನೆಲ್ಲ ಕಾರ್ಡಿನಲ್ಲಿ ನಡೆಸುತ್ತಿದ್ದುವು. ಫೇಸ್‌ಬುಕ್ ಮತ್ತು ಟ್ವಿಟರ್ ಅವುಗಳಲ್ಲಿ ಸೇರಿದ್ದುವು. ಆ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಎರಿಕ್ ಬಟ್ಲರ್ ಎಂಬ ತಂತ್ರಜ್ಞರು ‘ಫೈರ್‌ಷೀಪ್’ ಎಂಬ ಚಿಕ್ಕ ಉಪಕರಣವನ್ನು ಸಾರ್ವಜನಿಕವಾಗಿ ಬಿಡುಗಡೆ ಮಾಡಿದರು. ಕಾಫಿ ಅಂಗಡಿಯಂಥ ಕಡೆ ಗುಪ್ತಪದವಿಲ್ಲದ ವೈಫೈ ಜಾಲದಲ್ಲಿ ಕುಳಿತು ಇದನ್ನು ತೆರೆದರೆ, ಅದೇ ಜಾಲದಲ್ಲಿರುವ ಅಪರಿಚಿತರ ಸೆಷನ್ ಕುಕಿಗಳು ಅವರವರ ಹೆಸರಿನೊಡನೆ ಪಟ್ಟಿಯಾಗಿ ಕಾಣುತ್ತಿದ್ದುವು. ಒಂದು ಹೆಸರಿನ ಮೇಲೆ ಒತ್ತಿದರೆ ಆ ವ್ಯಕ್ತಿಯ ಖಾತೆಯೊಳಗೆ ಪ್ರವೇಶ. ಗುಪ್ತಪದ ತಿಳಿಯಬೇಕಾದ ಅಗತ್ಯವೇ ಇಲ್ಲ, ಏಕೆಂದರೆ ಗುಮಾಸ್ತನಿಗೆ ಮುಖ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಈ ಅಪಾಯ ತಜ್ಞರಿಗೆ ಮೊದಲೇ ತಿಳಿದಿತ್ತು. ತಾಣಗಳ ಒಡೆಯರು ಕಣ್ಣು ತೆರೆಯಲಿ ಎಂಬುದೇ ಬಟ್ಲರ್ ಅವರ ಉದ್ದೇಶವಾಗಿತ್ತು. ಫೇಸ್‌ಬುಕ್ ೨೦೧೧ರ ಜನವರಿಯಲ್ಲಿ ಬೇಕಾದವರಿಗೆ ಪೂರ್ಣ ಭದ್ರಮಾರ್ಗದ ಅವಕಾಶ ಕೊಟ್ಟು, ೨೦೧೩ರ ವೇಳೆಗೆ ಎಲ್ಲರಿಗೂ ಅದನ್ನೇ ರೂಢಿಗೆ ತಂದಿತು. ಟ್ವಿಟರ್ ೨೦೧೧ರ ಮಾರ್ಚಿಯಲ್ಲಿ ಅದೇ ದಾರಿ ಹಿಡಿಯಿತು.

ಇನ್ನೊಂದು ಸುಲಭೋಪಾಯವೆಂದರೆ ಸಂಖ್ಯೆಯನ್ನು ಪುಟದ ವಿಳಾಸದ ಬಾಲಕ್ಕೆ ಕಟ್ಟಿ ಕಳುಹಿಸುವುದು. ವಿಳಾಸವು ಬ್ರೌಸರಿನ ಚರಿತ್ರೆಯಲ್ಲಿ ಉಳಿಯುತ್ತದೆ, ಸರ್ವರಿನ ದಿನಚರಿಯಲ್ಲಿ ಬರೆಯಲ್ಪಡುತ್ತದೆ, ‘ಈ ಪುಟ ನೋಡು’ ಎಂದು ಗೆಳೆಯರಿಗೆ ಕಳುಹಿಸಿದಾಗ ಅದರೊಡನೆಯೇ ಹೋಗುತ್ತದೆ. ಮನೆಯ ವಿಳಾಸದ ಜೊತೆಗೆ ಬೀಗದ ಕೈಯನ್ನೂ ಹಂಚಿದಂತೆ!

೬. ಸರಿಯಾದ ಪರಿಹಾರ

ಹಾಗಾದರೆ ಮಾಡತಕ್ಕದ್ದೇನು? ಎರಡು ಮಾರ್ಗಗಳ ನಡುವೆ ಸೇತುವೆ ಕಟ್ಟುವ ಪ್ರಯತ್ನವನ್ನೇ ಬಿಟ್ಟು, ಒಂದು ಮಾರ್ಗವನ್ನು ಮುಚ್ಚಬೇಕು. ತಾಣದ ಪ್ರತಿಯೊಂದು ಪುಟವೂ, ಸಾಮಾನ್ಯ ಪ್ರಕಟಣೆಯ ಪುಟವೂ ಸೇರಿ, ಲಕೋಟೆಯಲ್ಲಿಯೇ ಹೋಗಲಿ. ಮಿತವ್ಯಯದ ಹಳೆಯ ವಾದಕ್ಕೆ ಈಗ ಬಲವಿಲ್ಲ. ಇಂದಿನ ಯಂತ್ರಗಳಿಗೆ ಗೂಢಲಿಪಿ ಹೊರೆಯಲ್ಲ. ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಸಂಸ್ಥೆ ೨೦೧೫ರ ಡಿಸೆಂಬರಿನಿಂದ ಪ್ರಮಾಣಪತ್ರಗಳನ್ನು ಎಲ್ಲರಿಗೂ ಉಚಿತವಾಗಿ ನೀಡುತ್ತಿದೆ. ೨೦೧೮ರ ಜುಲೈಯಿಂದ ಕ್ರೋಮ್ ಬ್ರೌಸರ್ ತೆರೆದ ಪುಟಗಳೆಲ್ಲದರ ಮೇಲೆಯೂ ‘ಭದ್ರವಲ್ಲ’ ಎಂಬ ಷರಾ ಬರೆಯತೊಡಗಿತು.

ಕೆಲಸದ ಕ್ರಮ ಹೀಗಿರಲಿ. ಮೊದಲು ಪ್ರಮಾಣಪತ್ರ ಪಡೆದು, ಅದು ತಾನಾಗಿಯೇ ನವೀಕರಣವಾಗುವಂತೆ ಏರ್ಪಡಿಸುವುದು. ತರುವಾಯ ತಾಣದೊಳಗಿನ ಕೊಂಡಿ, ಚಿತ್ರ, ನಮೂನೆ ಎಲ್ಲದರ ವಿಳಾಸವನ್ನೂ ಭದ್ರ ಮಾರ್ಗಕ್ಕೆ ಬದಲಿಸುವುದು. ಅನಂತರ ತಾಣಕ್ಕೆ ಒಂದೇ ಹೆಸರನ್ನು ನಿಶ್ಚಯಿಸಿ, ಉಳಿದ ವಿಳಾಸಗಳಿಗೆ ಬಂದವರನ್ನು ಶಾಶ್ವತವಾಗಿ ಅತ್ತ ತಿರುಗಿಸುವುದು. ಇಷ್ಟಾದ ಮೇಲೆ ಸೆಷನ್ ಕುಕಿಗೆ ಮೂರು ಅಣತಿಗಳನ್ನು ಕೊಡುವುದು: ಲಕೋಟೆಯಲ್ಲಿ ಮಾತ್ರ ಎಂಬ ‘ಸೆಕ್ಯೂರ್’, ಪುಟದೊಳಗಿನ ಸ್ಕ್ರಿಪ್ಟುಗಳಿಗೆ ಕಾಣಿಸಬಾರದೆಂಬ ‘ಎಚ್‌ಟಿಟಿಪಿ-ಓನ್ಲಿ’, ಪರಕೀಯ ತಾಣಗಳ ಪ್ರೇರಣೆಯಿಂದ ಹೋಗುವುದನ್ನು ನಿಯಂತ್ರಿಸುವ ‘ಸೇಮ್‌ಸೈಟ್’. ಲಾಗಿನ್ ಆದಾಗಲೆಲ್ಲ ಸಂಖ್ಯೆಯನ್ನು ಬದಲಿಸಿ ಕಾಗದಗಳನ್ನು ವರ್ಗಾಯಿಸುವುದು.

ಎಲ್ಲವೂ ಲಕೋಟೆಯಾದ ಮೇಲೆ ಸೆಕ್ಯೂರ್ ಎಂಬ ಅಣತಿ ಇನ್ನೇಕೆ ಎಂಬ ಪ್ರಶ್ನೆ ಬರಬಹುದು. ಬಳಕೆದಾರನು ಹಳೆಯ ಕೊಂಡಿಯೊಂದನ್ನು ಒತ್ತಿದರೆ, ಅಥವಾ ಬೇರೊಂದು ಪುಟದಲ್ಲಿ ನಮ್ಮ ತಾಣದ ತೆರೆದ ವಿಳಾಸವನ್ನು ಯಾರಾದರೂ ಬೇಕೆಂದೇ ಇಟ್ಟಿದ್ದರೆ, ಭದ್ರ ಮಾರ್ಗಕ್ಕೆ ತಿರುಗುವ ಮೊದಲು ಒಂದು ಕಾರ್ಡು ಹೋಗಿಯೇ ಹೋಗುತ್ತದೆ. ಸಂಖ್ಯೆ ಸೋರಲು ಒಂದು ಕಾರ್ಡು ಸಾಕು. ಆ ಒಂದನ್ನೂ ತಪ್ಪಿಸಲು ೨೦೧೨ರಲ್ಲಿ ‘ಎಚ್‌ಎಸ್‌ಟಿಎಸ್’ ಎಂಬ ವಿಧಿ ಮಾನಕವಾಯಿತು. ಇಷ್ಟು ಕಾಲದವರೆಗೆ ತನಗೆ ಕಾರ್ಡು ಬರೆಯಲೇಬೇಡ ಎಂದು ತಾಣವು ಬ್ರೌಸರಿಗೆ ಹೇಳಿಬಿಡುತ್ತದೆ. ಮೊದಲು ಕೆಲವು ನಿಮಿಷಗಳ ಅವಧಿ ಕೊಟ್ಟು ಪರೀಕ್ಷಿಸಿ, ಆಮೇಲೆ ತಿಂಗಳುಗಳಿಗೆ ಏರಿಸುವುದು ವಿವೇಕ. ಏಕೆಂದರೆ ಈ ಮಾತು ಕೊಟ್ಟ ಮೇಲೆ ಪ್ರಮಾಣಪತ್ರದ ಅವಧಿ ತೀರಿದರೆ ಬ್ರೌಸರ್ ಬಳಕೆದಾರನನ್ನು ಒಳಕ್ಕೆ ಬಿಡುವುದೇ ಇಲ್ಲ.

ಇಷ್ಟರಿಂದ ಎರಡು ಸಂಗತಿಗಳು ವಿಶದವಾಗುವುವು. ಮೊದಲನೆಯದು ಶೋಧನೆಗೆ ಸಂಬಂಧಿಸಿದ್ದು. ‘ಮರೆತುಬಿಟ್ಟಿತು’ ಎಂದು ಸರ್ವರನ್ನು ದೂರುವ ಮೊದಲು ‘ಅದಕ್ಕೆ ಹೇಳಿದೆವೆಯೇ?’ ಎಂದು ಕೇಳಬೇಕು. ಎರಡನೆಯದು ಹೊಣೆಗೆ ಸಂಬಂಧಿಸಿದ್ದು. ನಾವು ಕಟ್ಟುವ ಚಿಕ್ಕ ತಾಣದ ಕಡತಗಳಲ್ಲಿಯೂ ಸಹಪಾಠಿಗಳ ಹೆಸರು, ದೂರವಾಣಿ, ಅಂಕಪಟ್ಟಿ, ಬ್ಯಾಂಕಿನ ಖಾತೆಯ ವಿವರ ಇರುತ್ತವೆ. ಪ್ರಾಜೆಕ್ಟು ಸಲ್ಲಿಸುವ ಹಿಂದಿನ ರಾತ್ರಿ ಒಂದು ಅಣತಿಯನ್ನು ಅಳಿಸಿ ಪುಟ ನಡೆಯುವಂತೆ ಮಾಡಿದವರಿಗೆ ಅಂಕಗಳು ಬರಬಹುದು. ಅದರ ಬೆಲೆಯನ್ನು ತೆರುವವಳು ಮಾತ್ರ, ಬಸ್ ನಿಲ್ದಾಣದ ವೈಫೈಯಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿರುವ, ಸೆಕ್ಯೂರ್ ಎಂಬ ಶಬ್ದವನ್ನು ಕೇಳಿಯೇ ಇರದ ಇನ್ನೊಬ್ಬ ವಿದ್ಯಾರ್ಥಿನಿ.